ಇಮಾಮಬೀಯ ಚೀಲಗಳೂ ಖಣಿಯ ನೀರೂ

ಅಶ್ವಜಿತ ಇಮಾಮಬೀಯನ್ನು ಮೊದಲ ಸಲ ಕಂಡದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹತ್ತೂಕಾಲಿಗೆ. ವೇಳೆ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ನೀರಿನ ದಂಡೆ ಮುಟ್ಟಿದ ಕೂಡಲೇ ವಹಿಯಲ್ಲಿ ಗಂಟೆ ಬರೆದುಕೊಳ್ಳಬೇಕೆಂದು ಬೀದರಿನ ನಾಹೀದ ಮೇಡಮ್ ತಾಕೀತು ಮಾಡಿದ್ದರು. ಮೇಡಮ್ ದನಗಳ ರೋಗದ ಮೇಲೆ ಸಂಶೋಧನೆ ಮಾಡುವವರು. ಅವನು ಎರಡು ತಿಂಗಳ ಹಿಂದಷ್ಟೇ ಅವರ ಕೈಕೆಳಗೆ ಸೇರಿದ್ದ ಸಹಾಯಕ. ಭಾಲ್ಕಿ ತಾಲ್ಲೂಕಿನ ಹಳ್ಳಿಯವನು, ಬಿ.ಎಸ್ಸಿ. ಮುಗಿಸಿದ್ದ, ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ.

ಔರಾದದ ಬಸ್ ನಿಲ್ದಾಣದಿಂದ ಎರಡು ಮೈಲಿ ನಡೆದರೆ ಒಂದು ಹಳೆಯ ಕಲ್ಲಿನ ಖಣಿ ಸಿಗುತ್ತದೆ. ರಸ್ತೆಗೆಂದು ಕಲ್ಲು ಒಡೆದು ಬಿಟ್ಟುಹೋದ ಗುಂಡಿ ಅದು. ಮಳೆನೀರು ತುಂಬಿ ಸಣ್ಣ ಕೆರೆಯಂತಾಗಿತ್ತು. ಮೂರು ಕಡೆ ಕಡಿದಾದ ಕಲ್ಲು, ಒಂದು ಕಡೆ ಮಾತ್ರ ಇಳಿಜಾರು. ಆ ಇಳಿಜಾರಿನ ಬುಡದಲ್ಲಿ ಒಬ್ಬ ಹೆಂಗಸು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅವನಿಗೆ ಬೆನ್ನು ಮಾಡಿ, ಗೊಬ್ಬರದ ಖಾಲಿ ಚೀಲದ ಒಳಮೈ ಹೊರಗೆ ಮಾಡಿ, ಕಲ್ಲಿಗೆ ಬಡಿಯುತ್ತಿದ್ದಳು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಎಣ್ಣೆ ಹಚ್ಚಿದ ಮೀನಖಂಡಗಳು ಮಿರಮಿರ ಮಿಂಚುತ್ತಿದ್ದವು. ದಂಡೆಯ ಮೇಲೆ ಚೀಲಗಳ ಮೂರು ರಾಶಿ. ಆಕೆಯ ಸುತ್ತಲಿನ ನೀರು ಪಾಲಕದ ಸಾರಿನ ಹಾಗೆ ಹಸಿರಾಗಿತ್ತು.

"ನಿಂತು ಏನ್ ನೋಡ್ಲತ್ತೀರಿ? ಚೀಲ ಬೇಕಾದ್ರ ಒಣಗಿದ್ದು ಆ ಕಡಿ ಅವ," ಎಂದಳು ತಿರುಗಿ ನೋಡದೆಯೇ.

"ಚೀಲ ಬ್ಯಾಡ್ರಿ. ಶಂಖದ ಹುಳ ಬೇಕಾಗ್ಯಾವ."

ಆಗ ತಿರುಗಿದಳು. ಐವತ್ತು ದಾಟಿದ ಮುಖ, ಮೂಗಿನಲ್ಲಿ ಸಣ್ಣ ಹರಳು. "ತಿನ್ಲಕ್ಕೇನು?"

"ಅಲ್ರಿ. ಎಣಿಸ್ಲಕ್ಕ."

"ಎಣಿಸಿದ್ರ ಪಗಾರ ಕೊಡ್ತಾರೇನು?"

"ಕೊಡ್ತಾರ್ರಿ."

"ಓದಿದವರಿಗೆ ಏನೇನು ಕೆಲಸ ಹುಡುಕಿ ಇಟ್ಟಾರ ನೋಡು," ಎಂದು ಆಕೆ ಚೀಲಕ್ಕೆ ಹೇಳುವವಳಂತೆ ಹೇಳಿ ಮತ್ತೆ ಬಡಿಯತೊಡಗಿದಳು.

ಅಶ್ವಜಿತ ಪ್ಯಾಂಟು ಮಡಚಿ ಬಲೆ ಹಿಡಿದು ನೀರಿಗೆ ಕಾಲಿಡಲು ಹೋದ. ರಬ್ಬರಿನ ಉದ್ದ ಬೂಟು ಕೊಟ್ಟಿದ್ದರು, ಆದರೆ ಬಸ್ಸಿನಲ್ಲಿ ಹೊತ್ತು ತರಲು ಬೇಸರವಾಗಿ ಬೀದರಿನಲ್ಲೇ ಬಿಟ್ಟು ಬಂದಿದ್ದ.

"ಇಳೀಬ್ಯಾಡ ಬೇಟಾ. ಈಗ ಹತ್ತಾಗ್ಯದ. ಎಂಟಕ್ಕ ಇಳಿದ್ರ ಕಡೆಂಗಿಲ್ಲ, ಹತ್ತಕ್ಕ ಕಡೀತದ. ಅಲ್ಲಿ ಸೀಸೆದಾಗ ಕುಸುಬಿ ಎಣ್ಣಿ ಅದ, ಹಚ್ಚಿಕೊಂಡು ಇಳಿ."

ನೀರು ಗಡಿಯಾರ ನೋಡಿ ಕಚ್ಚುತ್ತದೆಯೇ ಎಂದು ಅವನು ಮನಸ್ಸಿನಲ್ಲೇ ನಕ್ಕು, ಬರಿಗಾಲಲ್ಲಿ ಇಳಿದ. ಬಲೆ ಹಾಕಿ, ಹುಳಗಳನ್ನು ಡಬ್ಬಿಗೆ ತುಂಬಿ, ಎಣಿಸಿ, ಬರೆದುಕೊಂಡು ಹೊರಬಂದ. ಬೀದರಿನ ಬಸ್ಸು ಅರ್ಧ ದಾರಿ ಮುಟ್ಟುವ ಮೊದಲೇ ಅವನ ಎರಡೂ ಕಾಲು ಉರಿಯತೊಡಗಿದವು. ಮರುದಿನ ಬೆಳಿಗ್ಗೆ ಮೊಣಕಾಲಿನ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಳ್ಳೆ ಎದ್ದಿದ್ದವು. ಕೆರೆದಷ್ಟೂ ಹೆಚ್ಚುತ್ತಿದ್ದವು.

ಹೀಗೆ ಅವರ ಪರಿಚಯವಾಯಿತು.

ಇಮಾಮಬೀ ಹುಟ್ಟಿದ್ದು ಬಗದಲ್‌ನಲ್ಲಿ. ಅವಳ ಅಪ್ಪ ಬೀದರಿನ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಗಂಜಿನಲ್ಲಿ ಹರಿದ ಗೋಣಿಚೀಲಗಳನ್ನು ಅಪ್ಪ ಮನೆಗೆ ತಂದರೆ ತಾಯಿಯೂ ಮಗಳೂ ದಬ್ಬಣ ಹಿಡಿದು ಹೊಲಿದು ಕೊಡುತ್ತಿದ್ದರು. ಎಂಟನೆಯ ವಯಸ್ಸಿಗೇ ಅವಳ ಹೆಬ್ಬೆರಳಲ್ಲಿ ದಬ್ಬಣ ಒತ್ತಿ ಒತ್ತಿ ಗಂಟು ಬಿದ್ದಿತ್ತು. ಹದಿನೆಂಟಕ್ಕೆ ಔರಾದದ ಮಕ್ಸೂದನಿಗೆ ಮದುವೆ ಮಾಡಿ ಕೊಟ್ಟರು. ಅವನು ದರ್ಜಿ. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಅವನ ಯಂತ್ರ ದಿನಗಟ್ಟಲೆ ಸುಮ್ಮನೆ ಕೂರತೊಡಗಿತು. ಅಷ್ಟರಲ್ಲಿ ಗೋಣಿ ಹೋಗಿ ಪ್ಲಾಸ್ಟಿಕ್ ಚೀಲಗಳ ಕಾಲ ಬಂದಿತ್ತು. ಹೊಲಹೊಲದ ಬದುವಿನಲ್ಲೂ ಗೊಬ್ಬರದ ಖಾಲಿ ಚೀಲಗಳು ಗಾಳಿಗೆ ಹಾರಾಡುತ್ತಿದ್ದವು. ಅವನ್ನು ಕಂಡು ಇಮಾಮಬೀಯ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಚೀಲ ಕೂಡಿಸಿ, ತೊಳೆದು, ಬಿಚ್ಚಿ, ನಾಲ್ಕು ನಾಲ್ಕು ಸೇರಿಸಿ ಮಕ್ಸೂದನ ಯಂತ್ರದಲ್ಲಿ ಹೊಲಿಸಿದರೆ ಒಳ್ಳೆಯ ತಾಡಪತ್ರಿ ಆಗುತ್ತದೆ. ಹೊಟ್ಟಿನ ಬಣವೆಗೆ ಹೊದಿಸಬಹುದು, ಕೈಗಾಡಿಗೆ ಮುಚ್ಚಬಹುದು, ಗುಡಿಸಲಿನ ಮಾಡಿಗೆ ಕಟ್ಟಬಹುದು. ಇಪ್ಪತ್ತೇಳು ವರ್ಷದಿಂದ ಅವರ ಮನೆ ಅದರ ಮೇಲೆಯೇ ನಡೆದಿತ್ತು.

ಆಕೆಯ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇತ್ತು. ತಿನ್ನುವ ಕಾಳಿಗೆ ತನ್ನ ಚೀಲ ಕೊಡುತ್ತಿರಲಿಲ್ಲ. ಎಷ್ಟು ತೊಳೆದರೂ ಗೊಬ್ಬರದ ಚೀಲ ಗೊಬ್ಬರದ್ದೇ ಎನ್ನುತ್ತಿದ್ದಳು. ಯೂರಿಯಾದ ಚೀಲ ನೀರಿಗೆ ಅದ್ದಿದರೆ ಅಂಗೈಗೆ ತಣ್ಣಗೆ ಹತ್ತುತ್ತದೆ, ಡಿ.ಎ.ಪಿ.ಯ ಕಾಳು ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡು ಎಷ್ಟು ಬಡಿದರೂ ಬೀಳುವುದಿಲ್ಲ, ಪೊಟ್ಯಾಶ್ ಚೀಲ ನೀರನ್ನು ಕೆಂಪು ಮಾಡುತ್ತದೆ. ಹೀಗೆ ಕಣ್ಣು ಮುಚ್ಚಿದರೂ ಕೈಯಿಂದಲೇ ಗುರುತು ಹಿಡಿಯುವಳು. ದಿನಕ್ಕೆ ಎಂಬತ್ತು ಚೀಲ. ಒಂದೊಂದಕ್ಕೂ ಮೂರು ನೀರು. ಔರಾದದ ನಲ್ಲಿಯಲ್ಲಿ ಕುಡಿಯುವ ನೀರೇ ದಿನ ಬಿಟ್ಟು ದಿನ ಬರುವಾಗ ಅಷ್ಟು ನೀರು ಎಲ್ಲಿಂದ ತರಬೇಕು? ಖಣಿಯೇ ಗತಿ.

ಆ ಖಣಿಯನ್ನೇ ಈಗ ಆಕೆಯಿಂದ ಬಿಡಿಸಬೇಕೆಂದು ನರಸಿಂಗ ಹಟ ಹಿಡಿದಿದ್ದ. ನರಸಿಂಗ ಹತ್ತಿರದ ವಸ್ತಿಯ ರೈತ. ಅವನಿಗೆ ಎರಡು ಜೋಡಿ ದೇವಣಿ ಎತ್ತುಗಳಿದ್ದವು. ಅವುಗಳಲ್ಲಿ ಮೂರಕ್ಕೆ ಗೊರಕೆ ರೋಗ. ಮೂಗಿನೊಳಗೆ ಹೂಕೋಸಿನಂಥ ಗಡ್ಡೆ ಬೆಳೆದು, ದನ ಎಚ್ಚರವಾಗಿದ್ದಾಗಲೂ ನಿದ್ದೆಗಣ್ಣಿನ ಮುದುಕನ ಹಾಗೆ ಗೊರ್ ಗೊರ್ ಎನ್ನುತ್ತದೆ. ಆ ವರ್ಷ ಅವನು ಒಂದು ಜೋಡಿಯನ್ನು ಭಾಲ್ಕಿಯ ದನದ ಸಂತೆಗೆ ಹೊಡೆದುಕೊಂಡು ಹೋಗಿದ್ದ. ಕೊಳ್ಳಲು ಬಂದವರು ಹಲ್ಲು ನೋಡಲಿಲ್ಲ, ಸುಳಿ ನೋಡಲಿಲ್ಲ. ಮೂಗಿನ ಹತ್ತಿರ ಕಿವಿ ಇಟ್ಟು ಕೇಳಿ, ಮುಂದಕ್ಕೆ ನಡೆದರು.

"ನೀರಿಗಿ ಗೊಬ್ಬರದ ವಿಷ ಕಲಸ್ಲತ್ತಾಳ ಈಕಿ. ಅದನ್ನ ಕುಡಿದು ನಮ್ಮ ದನದ ಮೂಗು ಕೊಳೀಲತ್ತಾವ," ಎಂದು ಅವನು ಕಂಡವರಿಗೆಲ್ಲ ಹೇಳಿದ. ಅವನ ವಸ್ತಿಯ ಮಕ್ಕಳ ಕಾಲಿಗೂ ಗುಳ್ಳೆ ಏಳುತ್ತಿದ್ದವು. ಆದ್ದರಿಂದ ಮಾತು ಸುಲಭವಾಗಿ ಹತ್ತಿತು.

ಇಮಾಮಬೀ ಜಗಳಕ್ಕೆ ನಿಲ್ಲಲಿಲ್ಲ, ಏಕೆಂದರೆ ಅವಳಿಗೂ ಒಳಗೊಳಗೆ ಅದೇ ಅನುಮಾನ. ಗೊಬ್ಬರದ ಉಪ್ಪೇ ಕಾಲು ಸುಡುತ್ತದೆ ಎಂದು ಅವಳು ನಂಬಿದ್ದಳು. ಎಂಟಕ್ಕೆ ಕಚ್ಚದ ಉಪ್ಪು ಹತ್ತಕ್ಕೆ ಯಾಕೆ ಕಚ್ಚುತ್ತದೆ ಎಂಬುದು ಮಾತ್ರ ಅವಳಿಗೆ ಬಗೆಹರಿಯದ ಲೆಕ್ಕವಾಗಿತ್ತು.

ಆ ಲೆಕ್ಕವನ್ನು ಅಶ್ವಜಿತ ಬೀದರಿಗೆ ಒಯ್ದ. ತನ್ನ ಕಾಲನ್ನೂ ತೋರಿಸಿದ. ನಾಹೀದ ಮೇಡಮ್ ಮೊದಲು ಬೂಟು ಬಿಟ್ಟುಹೋದದ್ದಕ್ಕೆ ಬೈದರು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

"ಹತ್ತಕ್ಕೆ ಅಂತ ಆ ಅಮ್ಮ ತಾನಾಗೇ ಹೇಳಿದರಾ? ನೀನು ಕೇಳಿ ಹೇಳಿಸಿದ್ದಲ್ಲವಲ್ಲ?"

"ತಾನೇ ಹೇಳ್ಯಾಳ್ರಿ ಮೇಡಮ್."

ಮರುದಿನ ಅವರು ಖಣಿಯ ಚಪ್ಪಟೆ ಶಂಖದ ಹುಳಗಳನ್ನು ಒಂದೊಂದು ಗಾಜಿನ ನಳಿಗೆಯಲ್ಲಿ ಹಾಕಿ ಕಿಟಕಿಯ ಬಿಸಿಲಿಗೆ ಇಡಿಸಿದರು. ಎಂಟಕ್ಕೆ ನೀರು ತಿಳಿಯಾಗಿತ್ತು. ಹತ್ತರ ಹೊತ್ತಿಗೆ ಕೆಲವು ನಳಿಗೆಗಳಲ್ಲಿ ಧೂಳಿನಂಥದ್ದೇನೋ ಏಳತೊಡಗಿತು. ಸೂಕ್ಷ್ಮದರ್ಶಕದ ಕೆಳಗೆ ಆ ಧೂಳಿಗೆ ಕವಲೊಡೆದ ಬಾಲವಿತ್ತು. ಬಿಸಿಲೇರಿದಾಗ ಶಂಖದ ಹುಳದಿಂದ ಹೊರಬಿದ್ದು, ನೀರಿಗಿಳಿದ ದನದ ಚರ್ಮ ಹೊಕ್ಕು, ರಕ್ತದಲ್ಲಿ ಸಾಗಿ ಮೂಗಿನ ರಕ್ತನಾಳಗಳಲ್ಲಿ ಬೀಡು ಬಿಡುವ ಹುಳದ ಮರಿಗಳು ಅವು. ಮನುಷ್ಯನ ಚರ್ಮಕ್ಕೂ ದಾರಿ ತಪ್ಪಿ ನುಗ್ಗುತ್ತವೆ. ಅಲ್ಲಿ ಬದುಕಲಾರದೆ ಸಾಯುತ್ತವೆ. ಸತ್ತಲ್ಲಿ ಗುಳ್ಳೆ ಏಳುತ್ತದೆ.

ಅಶ್ವಜಿತನಿಗೆ ತನ್ನ ಮನೆಯ ಎತ್ತು ನೆನಪಾಯಿತು. ಅವನು ಸಣ್ಣವನಿದ್ದಾಗ ಅದು ಹೀಗೆಯೇ ಗೊರಕೆ ಹೊಡೆಯುತ್ತಿತ್ತು. ಯಾರದೋ ದೃಷ್ಟಿ ತಾಗಿದೆ ಎಂದು ಅಜ್ಜ ಅದರ ಕೊಂಬಿಗೆ ಕರಿದಾರ ಕಟ್ಟಿದ್ದ. ಓದಿದ್ದು ಸಾರ್ಥಕವಾಯಿತು ಎಂದು ಅವನಿಗೆ ಅನ್ನಿಸಿದ್ದು ಅವತ್ತು. ಆ ಸಂತೋಷದಲ್ಲಿ ಅವನು ಮೇಡಮ್ಮನ್ನು ಕೇಳದೆಯೇ ಒಂದು ಕೆಲಸ ಮಾಡಿದ. ಮುಂದಿನ ವಾರ ನಳಿಗೆಯನ್ನೂ ಭೂತಗನ್ನಡಿಯನ್ನೂ ಹಿಡಿದುಕೊಂಡು ಖಣಿಗೆ ಹೋಗಿ, ನರಸಿಂಗನನ್ನೂ ನಾಲ್ಕು ಜನರನ್ನೂ ಕರೆಸಿ, ಎಲ್ಲರ ಎದುರಿಗೆ ತೋರಿಸಿದ.

"ರೋಗ ಈ ಹುಳದಿಂದ ಬರ್ತದ್ರಿ. ಚೀಲದ ಉಪ್ಪಿನಿಂದ ಅಲ್ಲ. ಇವರ ಚೀಲದ ತಪ್ಪು ಏನೂ ಇಲ್ಲ."

ಇಮಾಮಬೀ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. "ಇಷ್ಟಿಷ್ಟೇ ಇದ್ದು ಅಷ್ಟು ಕಡೀತಾವ. ನಮ್ಮ ಮಕ್ಸೂದನ ಅವ್ವ ಹಿಂಗೇ ಇದ್ಳು," ಎಂದಳು. ಎಲ್ಲರೂ ನಕ್ಕರು, ನರಸಿಂಗ ಒಬ್ಬನ ಹೊರತು. ಸಂಜೆಯೊಳಗೆ ಔರಾದದ ಅರ್ಧ ಊರಿಗೆ ಸುದ್ದಿ ಮುಟ್ಟಿತ್ತು: ಬೀದರಿನ ಸಾಹೇಬರು ಬಂದು ಇಮಾಮಬೀಯ ಚೀಲ ನಿರ್ದೋಷಿ ಎಂದು ಹೇಳಿಹೋದರು. ಅವಳು ಮತ್ತಷ್ಟು ಊರುಗಳ ಚೀಲ ಕೂಡಿಸಿ ದಿನಕ್ಕೆ ನೂರು ತೊಳೆಯತೊಡಗಿದಳು.

ಒಂದು ತಿಂಗಳ ನಂತರ ನೀರಿನ ಪರೀಕ್ಷೆಯ ವರದಿ ಬಂತು.

ಮೇಡಮ್ ಕಾಗದವನ್ನು ಅವನ ಮುಂದೆ ಇಟ್ಟರು. ನೀರಿನಲ್ಲಿ ಸಾರಜನಕವೂ ರಂಜಕವೂ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು. ಗೊಬ್ಬರ ಪೈರನ್ನು ಬೆಳೆಸುವಂತೆ ನೀರಿನಲ್ಲಿ ಪಾಚಿಯನ್ನೂ ಬೆಳೆಸುತ್ತದೆ. ಪಾಚಿ ಶಂಖದ ಹುಳದ ಊಟ. ಊಟ ಹೆಚ್ಚಿದರೆ ಹುಳ ಹೆಚ್ಚು, ಹುಳ ಹೆಚ್ಚಿದರೆ ಅದರೊಳಗಿನ ಮರಿಗಳೂ ಹೆಚ್ಚು. ಅವನದೇ ವಹಿಯ ಎಣಿಕೆ ಪಕ್ಕದಲ್ಲಿತ್ತು. ಚೀಲ ತೊಳೆಯುವ ಕಲ್ಲಿನ ಹತ್ತಿರ ಹತ್ತು ಬಲೆಗೆ ನೂರಾ ಹನ್ನೆರಡು ಶಂಖದ ಹುಳ. ಸೋಯಾ ಹೊಲಗಳ ನೀರು ಬಂದು ಸೇರುವ ಕಾಲುವೆಯ ಬಾಯಲ್ಲಿ ನಲವತ್ತು. ಉಳಿದ ಕಡೆ ಇಲ್ಲವೆನ್ನುವಷ್ಟು ಕಡಿಮೆ.

"ಅಂದ್ರ ಚೀಲದ ತಪ್ಪು ಅದ ಅಂತೀರೇನ್ರಿ?"

"ತಪ್ಪು ಅನ್ನೋ ಮಾತು ನಾನು ಎಲ್ಲಿ ಆಡಿದೆ? ಚೀಲದ್ದೊಂದು ಪಾಲು, ಹೊಲದ್ದೊಂದು ಪಾಲು, ಸಗಣಿಯದೊಂದು ಪಾಲು. ಎಷ್ಟೆಷ್ಟು ಅನ್ನೋದು ಇನ್ನೂ ಗೊತ್ತಿಲ್ಲ."

ಅದೇ ದಿನ ಅವನು ಕಪ್ಪೆಗಳ ವಿಷಯವನ್ನೂ ಕೇಳಿದ. ಖಣಿಯಲ್ಲಿ ಹಿಡಿದ ನಲವತ್ತು ಕಪ್ಪೆಗಳಲ್ಲಿ ಮೂರಕ್ಕೆ ಹಿಂಗಾಲು ಸೊಟ್ಟ, ಒಂದಕ್ಕೆ ತೊಡೆಯ ಪಕ್ಕದಲ್ಲಿ ಇನ್ನೊಂದು ಕಾಲಿನ ಮೊಳಕೆ. ಬೇರೆ ದೇಶಗಳಲ್ಲಿ ಇಂಥದ್ದೇ ಮತ್ತೊಂದು ಜಾತಿಯ ಹುಳ ಗೊದಮೊಟ್ಟೆಯನ್ನು ಹೊಕ್ಕು ಹೀಗೆ ಮಾಡುವುದುಂಟು, ಗೊಬ್ಬರದ ನೀರಿನಲ್ಲಿ ಅದೂ ಹೆಚ್ಚುತ್ತದೆ ಎಂದರು ಮೇಡಮ್. ಆದರೆ ಇಲ್ಲಿ ಅದೇ ಕಾರಣವೋ, ಹೊಲಕ್ಕೆ ಹೊಡೆದ ಔಷಧವೋ ಹೇಳಲಾಗದು. "ಬರೆದಿಡು. ಹೇಳಬೇಡ," ಎಂದರು. ಈ ಮಾತನ್ನು ಒಂದು ತಿಂಗಳ ಹಿಂದೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ ಅಶ್ವಜಿತ. ಆಗಲೂ ಹೇಳಿದ್ದರು ಎಂಬುದು ಬಸ್ ಹತ್ತಿದ ಮೇಲೆ ನೆನಪಾಯಿತು.

ಆಡಿದ ಮಾತನ್ನು ನುಂಗುವುದು ಹೇಗೆ? ಎರಡು ವಾರ ಅವನು ಔರಾದದ ಕಡೆ ಹೋಗದೆ ಬೇರೆ ಕೆರೆಗಳನ್ನು ಸುತ್ತಿದ. ಹೋದ ಸಲ ಇಮಾಮಬೀ ಸೋದರತ್ತೆಯಂತೆ ಡಬ್ಬಿಯಲ್ಲಿ ಜೋಳದ ರೊಟ್ಟಿ ಕಟ್ಟಿ ಕೊಟ್ಟಿದ್ದಳು. ಆ ಡಬ್ಬಿ ಇನ್ನೂ ಅವನ ಕೋಣೆಯಲ್ಲೇ ಇತ್ತು. ಸುಮ್ಮನಿದ್ದರೆ ಅವಳ ಖಣಿ ಅವಳಿಗೆ ಉಳಿಯುತ್ತದೆ, ದನಗಳಿಗೆ ರೋಗವೂ ಉಳಿಯುತ್ತದೆ. ಹೇಳಿದರೆ ಅವಳ ಅನ್ನಕ್ಕೆ ಕಲ್ಲು ಬೀಳುತ್ತದೆ, ರೋಗ ಹೋಗುತ್ತದೆಂಬ ಭರವಸೆಯಂತೂ ಇಲ್ಲ. ಕೊನೆಗೆ ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡು ಹೊರಟ.

ಖಣಿಯ ಹತ್ತಿರ ಹೋದಾಗ ಅಲ್ಲಿ ಕಂಡದ್ದು ಅವನನ್ನು ಮತ್ತಷ್ಟು ಗೊಂದಲಕ್ಕೆ ಕೆಡವಿತು. ನರಸಿಂಗ ಗೊರಕೆಯ ಎತ್ತನ್ನು ನೀರಿಗಿಳಿಸಿ, ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯಿಂದ ಹೊಗೆಸೊಪ್ಪಿನ ನೀರನ್ನು ಅದರ ಮೂಗಿಗೆ ಹನಿಸುತ್ತಿದ್ದ. ಎತ್ತು ಫರ್ ಎಂದು ಸೀನಿತು. ಸಿಂಬಳವೂ ರಕ್ತವೂ ನೀರಿಗೆ ಬಿದ್ದವು.

"ಇಲ್ಲಿ ಯಾಕ್ರಿ ತೊಳೀತೀರಿ?"

"ಮತ್ತೆಲ್ಲಿ ತೊಳೀಬೇಕು? ಆ ಸಿಂಬಳ ಮಣ್ಣಿಗಿ ಬಿದ್ರ ಕೊಟ್ಟಗಿಗಿ ಹತ್ತತದ. ನೀರಿಗಿ ಬಿದ್ರ ತೊಳದು ಹೋಗ್ತದ. ನಮ್ಮ ಅಪ್ಪ ಹಿಂಗೇ ಮಾಡ್ತಿದ್ದ, ಅವನ ಅಪ್ಪನೂ ಹಿಂಗೇ."

ಆ ಸಿಂಬಳದಲ್ಲೇ ಮೂಗಿನ ಹುಳದ ತತ್ತಿಗಳಿರುತ್ತವೆ, ಅವು ಒಣ ಮಣ್ಣಿಗೆ ಬಿದ್ದರೆ ಸಾಯುತ್ತವೆ, ನೀರಿಗೆ ಬಿದ್ದರೆ ಮಾತ್ರ ಒಡೆದು ಶಂಖದ ಹುಳವನ್ನು ಸೇರುತ್ತವೆ ಎಂಬುದನ್ನು ಅಶ್ವಜಿತ ಪುಸ್ತಕದಲ್ಲಿ ಓದಿದ್ದ. ಕಣ್ಣೆದುರಿಗೆ ಮೂರು ತಲೆಮಾರು ಔಷಧವೆಂದು ರೋಗವನ್ನೇ ಬಿತ್ತುತ್ತ ಬಂದಿತ್ತು. ಚೀಲ ತೊಳೆಯುತ್ತಿದ್ದ ಇಮಾಮಬೀ ಅವನನ್ನು ಕಂಡು ಕೈ ಬೀಸಿದಳು. ಇಮಾಮಬೀಯ ಮನೆ ಪಕ್ಕದ ಬದನೆ ತೋಟದ ಕೇಶರಬಾಯಿ ಬುಟ್ಟಿ ಇಳಿಸಿ ಅಲ್ಲೇ ಕೂತಿದ್ದಳು. ಇನ್ನು ತಡೆದರೆ ಬಾಯಿ ಬರುವುದಿಲ್ಲವೆಂದು ಅವನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ: ಚೀಲ, ಹೊಲ, ಪಾಚಿ, ಹುಳ, ಸಿಂಬಳ, ಮೂಗು. ಹೇಳುತ್ತ ಹೇಳುತ್ತ ಅವನಿಗೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಕಲಸಿಹೋಯಿತು.

ನರಸಿಂಗ ಮೂಗುದಾರ ಬಿಡದೆ ಕೇಳಿದ. "ಏನ್ ಸಾಹೇಬ್ರ, ಹೋದ ತಿಂಗಳ ಚೀಲದ ತಪ್ಪಿಲ್ಲ ಅಂದ್ರಿ. ಈ ತಿಂಗಳ ಅದ ಅಂತೀರಿ. ಮುಂದಿನ ತಿಂಗಳ ಏನಂತೀರಿ, ಈಗೇ ಹೇಳಿಬಿಡ್ರಿ, ನಿಮಗ ಬಸ್ ಹತ್ತೋದು ತಪ್ಪತದ."

"ಚೀಲದ್ದು ಒಂದು ಪಾಲು ಅದ್ರಿ. ನಿಮ್ಮದೂ ಒಂದು ಪಾಲು ಅದ."

"ನಂದು? ದನ ನಂದು, ರೋಗ ನಂದು, ತಪ್ಪೂ ನಂದೇನು?"

"ಮ್ಯಾಲಿನ ಹೊಲದವರದೂ ಅದ್ರಿ."

"ಹಂಗಾದ್ರ ಯಾರಿಗಿ ಬೈಬೇಕೋ ಒಂದು ಹೆಸರು ಹೇಳ್ರಿ," ಎಂದಳು ಕೇಶರಬಾಯಿ. "ಹಿಂಗ ಎಲ್ಲರಿಗೂ ಹಂಚಿದ್ರ ಯಾರಿಗೂ ಹೊಟ್ಟಿ ತುಂಬಂಗಿಲ್ಲ."

ಅಶ್ವಜಿತ ಇಮಾಮಬೀಯ ಮುಖ ನೋಡಿದ. ಅವಳು ತೊಳೆಯುತ್ತಿದ್ದ ಚೀಲವನ್ನು ಹಿಂಡಿ, ಮಡಚಿ, ಕಲ್ಲಿನ ಮೇಲಿಟ್ಟಳು.

"ಅಂದ್ರ ನಾ ಹುಳಕ್ಕ ಊಟ ಹಾಕ್ಲತ್ತೀನಿ, ಈ ನರಸಿಂಗ ಬೀಜ ಹಾಕ್ಲತ್ತಾನ. ಹೌದಲ್ಲೋ ಬೇಟಾ?"

"ಹೌದ್ರಿ."

"ನಾನು ಬಿಟ್ರ ಹೋಗ್ತದೇನು?"

"ಕಡಿಮಿ ಆಗಬಹುದ್ರಿ. ಖಾತ್ರಿ ಹೇಳಲಾರೆ."

"ಆವತ್ತು ನಾಲ್ಕು ಮಂದಿ ಮುಂದ ಖಾತ್ರಿ ಹೇಳಿದ್ದಿ."

ಅವಳು ಉತ್ತರಕ್ಕೆ ಕಾಯದೆ ಚೀಲಗಳನ್ನು ಕಟ್ಟಿ ತಲೆಗೇರಿಸಿಕೊಂಡು ಹೊರಟಳು. ಆ ವರ್ಷದ ಉಳಿದ ಚೀಲಗಳನ್ನು ಅಲ್ಲಿಯೇ ತೊಳೆದಳು, ಆದರೆ ಅವನೊಡನೆ ಮಾತು ಬಿಟ್ಟಳು. ಅವನು ಹುಳ ಎಣಿಸುವಾಗ ಅವಳು ಬಡಿಯುತ್ತಿದ್ದಳು, ಅವಳು ಬಡಿಯುವಾಗ ಅವನು ಎಣಿಸುತ್ತಿದ್ದ.

ಮುಂದಿನ ಜೂನಿನ ಮಿರಗದ ಮಳೆಗೆ ಮುಂಚೆ ಮಾತು ತೆಗೆದದ್ದು ಅವಳೇ. ಮಿರಗದಿಂದ ದಸರೆಯವರೆಗೆ ತಾನು ಖಣಿಯಲ್ಲಿ ಒಂದು ಚೀಲವನ್ನೂ ಅದ್ದುವುದಿಲ್ಲ, ನರಸಿಂಗನೂ ಮೂಗು ತೊಳೆಯಬಾರದು, ಆಮೇಲೆ ನೋಡೋಣ ಎಂದಳು. "ನಿನ್ನ ಶಂಖ ಎಣಿಸಿ ಹೇಳು. ಕಡಿಮಿ ಆದ್ರ ನಂದೇ ಪಾಪ ಅಂತ ತಿಳೀತೀನಿ. ಆಗದಿದ್ರ ತಿರುಗಿ ಬರ್ತೀನಿ, ಆಗ ಯಾವನೂ ನನಗ ಏನೂ ಅನಬಾರ್ದು." ನರಸಿಂಗ ತಲೆಯಾಡಿಸಿದ. ಹೂಂ ಎಂದನೋ ಉಹೂಂ ಎಂದನೋ ಅಶ್ವಜಿತನಿಗೆ ತಿಳಿಯಲಿಲ್ಲ.

ಮಕ್ಸೂದ ಹಿತ್ತಲಿನಲ್ಲಿ ಇಟ್ಟಿಗೆ ಸಿಮೆಂಟಿನ ಒಂದು ತೊಟ್ಟಿ ಕಟ್ಟಿದ. ಮಾಳಿಗೆಯ ಮಳೆನೀರು ಅದಕ್ಕೆ ಬೀಳುವಂತೆ ತಗಡು ಓರೆ ಮಾಡಿದ. ಒಂದೇ ನೀರಿನಲ್ಲಿ ಇಪ್ಪತ್ತು ಚೀಲ ಅದ್ದಿ, ಆ ನೀರನ್ನು ಏನು ಮಾಡುವುದು? ಚರಂಡಿಗೆ ಬಿಟ್ಟರೆ ಸುತ್ತಿ ಬಳಸಿ ಅದೇ ಖಣಿಗೆ ಹೋಗುತ್ತದೆ. ಕೇಶರಬಾಯಿಯ ಬದನೆಗೆ ಹಾಕೋಣ, ಗೊಬ್ಬರದ ನೀರು ತಾನೇ ಎಂದರು. ಹಾಕಿದರು. ನಾಲ್ಕು ದಿನದಲ್ಲಿ ಎರಡು ಸಾಲು ಬದನೆ ಎಲೆಯ ಅಂಚು ಸುಟ್ಟು ಬಾಡಿ ನಿಂತವು.

"ಖಣಿ ಕೆಡಿಸಿದ್ದು ಸಾಲದಂತ ನನ್ನ ತ್ವಾಟಕ್ಕ ಬಂದ್ಳು," ಎಂದು ಕೇಶರಬಾಯಿ ಓಣಿಗೆ ಕೇಳುವಂತೆ ಹೇಳಿದಳು. ಒಂದು ಕೊಡ ತೊಟ್ಟಿಯ ನೀರಿಗೆ ಆರು ಕೊಡ ಒಳ್ಳೆಯ ನೀರು ಬೆರೆಸಬೇಕೆಂದು ಅವರಿಬ್ಬರೂ ಕಂಡುಕೊಳ್ಳುವುದರೊಳಗೆ ಇನ್ನೊಂದು ಸಾಲು ಹೋಗಿತ್ತು.

ದಸರೆಗೆ ಅಶ್ವಜಿತ ಎಣಿಸಿದ. ಈ ಸಲ ಬೂಟು ಹಾಕಿಕೊಂಡೇ ಎಣಿಸಿದ. ಚೀಲದ ಕಲ್ಲಿನ ಹತ್ತಿರ ಮೂವತ್ತೊಂದು. ಹಾಗಾದರೆ ತಪ್ಪು ಅವಳ ಚೀಲದ್ದೇ ಎಂದುಕೊಂಡ. ಆಮೇಲೆ ಕಾಲುವೆಯ ಬಾಯಿಗೆ ಹೋದ. ಅಲ್ಲಿ ತೊಂಬತ್ತೇಳು. ಹೋದ ವರ್ಷ ಎರಡೂ ಕೂಡಿ ನೂರಾ ಐವತ್ತೆರಡು, ಈ ವರ್ಷ ನೂರಾ ಇಪ್ಪತ್ತೆಂಟು. ಮಳೆ ಈ ವರ್ಷ ಬಹಳ ಹೆಚ್ಚು ಬಿದ್ದಿತ್ತು. ಹೊಲದ ಗೊಬ್ಬರ ತೊಳೆದುಕೊಂಡು ಬಂದು ಒಂದು ಚೀಲವೂ ಮುಟ್ಟದ ನೀರು ಆಗಸ್ಟಿನಲ್ಲೇ ಹಸಿರಾಗಿತ್ತು. ಮಕ್ಕಳ ಕಾಲಿನ ಗುಳ್ಳೆ ಕಡಿಮೆಯಾಗಿದ್ದವು. ಆದರೆ ಅವರೆಲ್ಲ ಈಗ ಇಮಾಮಬೀಯ ಮಾತು ಕೇಳಿ ಎಣ್ಣೆ ಹಚ್ಚಿಕೊಂಡು ಎಂಟರೊಳಗೆ ದನಕ್ಕೆ ನೀರು ಕುಡಿಸಿ ಹೋಗುತ್ತಿದ್ದರು. ನರಸಿಂಗನನ್ನು ಕೇಳಿದರೆ, ಎರಡು ತಿಂಗಳು ಮೂಗು ತೊಳೆಯಲಿಲ್ಲ, ಆಮೇಲೆ ದೊಡ್ಡ ಎತ್ತಿಗೆ ಉಸಿರು ಕಟ್ಟಿದಾಗ ತಡೆಯಲಾಗದೆ ಮೂರು ಸಲ ತೊಳೆದೆ ಎಂದ. ವಸ್ತಿಗೆ ಈ ವರ್ಷ ಬಂದ ಹೊಸ ಎತ್ತುಗಳಿಗೆ ಗೊರಕೆ ಬಂದಿಲ್ಲ, ಆದರೆ ಅದು ಬರಲು ತಿಂಗಳುಗಳೇ ಬೇಕು.

ಮೇಡಮ್ ಎಣಿಕೆ ನೋಡಿ, "ಒಂದು ವರ್ಷ ಸಾಲದು. ಇನ್ನೂ ಮೂರು ವರ್ಷವಾದರೂ ಬೇಕು," ಎಂದರು. ಅವರ ಮಟ್ಟಿಗೆ ಅದು ಸರಿಯಾದ ಮಾತು. ಮೂರು ವರ್ಷ ಎಂಬುದನ್ನು ದಿನಕ್ಕೆ ನೂರು ಚೀಲ ಬಿಟ್ಟು ಇಪ್ಪತ್ತೈದಕ್ಕೆ ಇಳಿದವಳ ಮುಂದೆ ಹೇಗೆ ಹೇಳುವುದು ಎಂದು ಅಶ್ವಜಿತನಿಗೆ ಹೊಳೆಯಲಿಲ್ಲ.

ಅವನು ಅವಳ ಮನೆಗೇ ಹೋದ. ನರಸಿಂಗನೂ ಬಂದು ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಮಕ್ಸೂದನ ಯಂತ್ರ ಕಟಕಟ ಎನ್ನುತ್ತಿತ್ತು. ಅಶ್ವಜಿತ ವಹಿ ಬಿಚ್ಚಿ ಒಂದೊಂದೇ ಅಂಕಿ ಓದಿದ. ಮಳೆ, ಎಣ್ಣೆ, ಮೂಗು, ಯಾವುದನ್ನೂ ಮುಚ್ಚಿಡದೆ ಹೇಳಿದ.

"ಮುಗೀತೇನು?" ಎಂದಳು ಇಮಾಮಬೀ. "ನಾ ಬಿಟ್ಟಿದ್ದು ಉಪಯೋಗ ಆತೋ, ಇಲ್ಲೋ? ಅದೊಂದು ಹೇಳು."

"ಗೊತ್ತಿಲ್ರಿ."

ಯಂತ್ರ ನಿಂತಿತು. ಮಕ್ಸೂದ ಒಳಗಿಂದಲೇ, "ಓದಿದವನು ಗೊತ್ತಿಲ್ಲ ಅಂದ್ರ ನಂಬಬಹುದು. ಹೋದ ವರ್ಷ ಗೊತ್ತದ ಅಂದಿದ್ದ," ಎಂದ. ಯಂತ್ರ ಮತ್ತೆ ಶುರುವಾಯಿತು.

ನರಸಿಂಗ ಗಂಟಲು ಸರಿಮಾಡಿಕೊಂಡ. "ಬೀ, ನೀ ತಿರುಗಿ ಖಣಿಗಿ ಬಾ. ನಾ ಏನೂ ಅನಂಗಿಲ್ಲ. ನಿನ್ನ ಕಲ್ಲಿನ ಹಂತ್ಯಾಕ ಹುಳ ಕಡಿಮಿ ಆಗ್ಯಾವ ಅಂದ್ರೂ ಒಟ್ಟು ಅಷ್ಟೇ ಅವ. ನೀ ಒಬ್ಬಾಕಿ ಉಪಾಸ ಬಿದ್ರ ಏನು ಬಂತು?"

ಇಪ್ಪತ್ತೇಳು ವರ್ಷದ ಜಾಗವನ್ನು ಅವನೇ ತಿರುಗಿ ಕೊಡುತ್ತಿದ್ದ. ಅವಳು ಹೋಗಲಿ ಎಂದು ಅಶ್ವಜಿತನ ಮನಸ್ಸಿನ ಅರ್ಧ ಬಯಸಿತು, ಬೇಡವೆಂದು ಇನ್ನರ್ಧ.

ಇಮಾಮಬೀ ಹೆಬ್ಬೆರಳಿನ ಗಂಟನ್ನು ತಿಕ್ಕಿಕೊಂಡಳು. "ನನ್ನ ಕಲ್ಲಿನ ಹತ್ರ ನೂರಾ ಹನ್ನೆರಡು ಇದ್ದದ್ದು ಮೂವತ್ತೊಂದು ಆಗ್ಯಾವ ಅಂದಿ. ಅದು ಸುಳ್ಳೇನು?"

"ಸುಳ್ಳಲ್ರಿ. ನಾನೇ ಎಣಿಸೀನಿ."

"ಕಾಲುವಿ ಹತ್ರ ಹೆಚ್ಚಾಗಿದ್ದು ನನಗ ಹತ್ತಂಗಿಲ್ಲ. ಅದು ಮ್ಯಾಲಿನ ಹೊಲದವರಿಗಿ ಹೋಗಿ ಓದಿ ಹೇಳು. ಮಳಿ, ಗಿಳಿ ಅಂತ ನನ್ನ ತಲಿ ಕಲಸಬ್ಯಾಡ. ಆ ನೀರಿಗಿ ಕೈ ಹಾಕಬೇಕಂದ್ರ ಇನ್ನ ನನಗ ಒಗ್ಗಂಗಿಲ್ಲ." ಆಮೇಲೆ ನರಸಿಂಗನ ಕಡೆ ತಿರುಗಿದಳು. "ನೀ ಎತ್ತಿನ ಮೂಗು ತೊಳಿಯೋದಿದ್ರ ನಿನ್ನ ಹೊಲದಾಗ ತೊಳಿ. ಬಿಸ್ಲಾಗ ತೊಳಿ. ಇಲ್ಲಾಂದ್ರ ನಾ ಬಂದು ನಿನ್ನ ಮೂಗೇ ತೊಳೀತೀನಿ."

ನರಸಿಂಗ ನಕ್ಕ. ತೊಳೆಯುವುದಿಲ್ಲ ಎಂದು ಮಾತ್ರ ಅವನು ಹೇಳಲಿಲ್ಲ.

ಅಶ್ವಜಿತ ಆ ವಾರವೇ ಮೇಲಿನ ಹೊಲಗಳಿಗೆ ಹೋಗಿ ವಹಿ ಓದಿ ಹೇಳಿದ. ಗೊಬ್ಬರ ಹಾಕದಿದ್ದರೆ ಸೋಯಾ ನೀನು ಬೆಳೆದು ಕೊಡುತ್ತೀಯೇನು ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಚಹಾ ಕುಡಿಸಿ ಕಳಿಸಿದರು. ಎಷ್ಟು ಹಾಕಿದರೆ ಸಾಕು ಎಂದು ಕೇಳಿದವರು ಒಬ್ಬರೇ. ಆ ಪ್ರಶ್ನೆಯನ್ನು ಅವನು ವಹಿಯಲ್ಲಿ ಬರೆದುಕೊಂಡ.

ಇಮಾಮಬೀ ಈಗ ಮನೆಯ ಹಿತ್ತಲಿನ ತೊಟ್ಟಿಯಲ್ಲಿ ದಿನಕ್ಕೆ ಇಪ್ಪತ್ತೈದು ಚೀಲ ತೊಳೆಯುತ್ತಾಳೆ. ತೊಳೆದ ನೀರನ್ನು ಒಂದಕ್ಕೆ ಆರು ಬೆರೆಸಿ ದಿನ ಬಿಟ್ಟು ದಿನ ಕೇಶರಬಾಯಿಯ ತೋಟಕ್ಕೆ ಹಾಕುತ್ತಾಳೆ. ಮಕ್ಸೂದ ತಾಡಪತ್ರಿ ಹೊಲಿಯುತ್ತಾನೆ. ಗುರುವಾರ ಬೆಳಗಿನ ಬಸ್ಸಿಗೆ ಅವಳು ತಾಡಪತ್ರಿಯ ಗಂಟು ಹೊತ್ತು ಬೀದರಿಗೆ ಹೋಗಿ, ಮಾರಿ, ಸಂಜೆಗೆ ತಿರುಗಿ ಬರುತ್ತಾಳೆ.